ಒಂಟಿ ಎಳೆ

ಗ್ರೇಟರ್ ನೋಯ್ಡಾದ ಕಾಲೇಜಿನ ಲೈಬ್ರರಿ ಮುಂದೆ ಸೀತಮ್ಮ ಚಪ್ಪಲಿ ಬಿಟ್ಟು ನಿಂತರು. ಕೆಂಪು ಕಲ್ಲಿನ ಅಂಗಳದ ತುಂಬ ಅಳಿಸದ ಬಿಳಿ ಪೇಂಟಿನ ರಂಗೋಲಿ ಹಬ್ಬಿಕೊಂಡಿತ್ತು. ಪಕ್ಕದ ಗೋಡೆಯಲ್ಲಿ ಹಿತ್ತಾಳೆ ಫಲಕ, ಅದರಲ್ಲಿ ರಂಗೋಲಿ ಬರೆದ ಜ್ಯೋತ್ಸ್ನಾಳ ಹೆಸರು.

"ಅಜ್ಜಿ, ಒಳಗೆ ಪೇಂಟಿಂಗ್ಸ್ ಇವೆ, ಲಾನ್‌ನಲ್ಲಿ ಕಬ್ಬಿಣದ ನವಿಲಿದೆ. ಲೇಕಿನ್ ಎಲ್ಲರೂ ಫೋಟೋ ತಗೊಳ್ಳೋದು ಜ್ಯೋತ್ಸ್ನಾ ಆಂಟಿ ರಂಗೋಲಿದೇ," ಎಂದಳು ಅಲ್ಲೇ ಓದುವ ಮೊಮ್ಮಗಳು ತನ್ವಿ.

ಸೀತಮ್ಮನಿಗೆ ನವಿಲೂ ಬೇಡ, ಪೇಂಟಿಂಗೂ ಬೇಡ. ಈ ಜ್ಯೋತ್ಸ್ನಾ, ದೆಹಲಿಯ ಜನಕಪುರಿಯಲ್ಲಿ ಹೋಟೆಲು ನಡೆಸುವ ಪಕ್ಕದ ಮನೆಯವರಿಗೆ ಸೊಸೆಯಾಗಿ ಬಂದಾಗ ನೆಟ್ಟಗೆ ಚುಕ್ಕಿ ಇಡಲೂ ಬಾರದವಳು. ಬೆರಳ ಸಂದಿಯಿಂದ ಪುಡಿ ಹೇಗೆ ಬಿಡಬೇಕೆಂದು ಕೈ ಹಿಡಿದು ಕಲಿಸಿದ್ದು ತಾನು. ತನ್ನ ರಂಗೋಲಿಯೋ, ಬೆಳಿಗ್ಗೆ ದೇವರ ಮುಂದೆ ಅರಳಿ ಮರುದಿನ ಪೊರಕೆಗೆ ಹೋಗುವಂಥದು. ಅದೇ ಸರಿ, ಅದರಲ್ಲೇ ನೆಮ್ಮದಿ ಎಂದು ಇಷ್ಟು ವರ್ಷ ನಂಬಿದ್ದರು. ಹಿತ್ತಾಳೆಯ ಅಕ್ಷರ ಕಂಡದ್ದೇ ಆ ನೆಮ್ಮದಿ ಎಲ್ಲಿ ಹೋಯಿತೋ! ತುಟಿಯ ಮೇಲೆ ರಾಮನಾಮ ನಡೆದೇ ಇತ್ತು, ಕಣ್ಣು ಮಾತ್ರ ತಪ್ಪು ಹುಡುಕುತ್ತಿತ್ತು.

ಸಿಕ್ಕಿತು. ಉಳಿದೆಡೆಯೆಲ್ಲ ಜೋಡಿ ಗೆರೆ, ಬಾಗಿಲ ಹತ್ತಿರದ ತಾವರೆಯ ಒಂದು ದಳಕ್ಕೆ ಮಾತ್ರ ಒಂದೇ ಗೆರೆ. ರಾಮನಾಮ ನಿಂತಿತು.

"ಅಯ್ಯೋ, ಒಂಟಿ ಎಳೆ ಬಿಟ್ಟಿದೀಯಲ್ಲೇ ಜ್ಯೋತ್ಸ್ನಾ! ಸಾವಿನ ಮನೆ ಮುಂದೆ ಎಳೆಯೋ ಹಾಗೆ! ಸರಸ್ವತಿ ಇರೋ ಜಾಗ ಇದು. ಎಳೆ ಯಾವತ್ತೂ ಜೋಡಿ ಇರಬೇಕು ಅಂತ ಎಷ್ಟು ಸಲ ಬಡ್ಕೊಂಡಿಲ್ಲ ನಾನು?" ದನಿಯಲ್ಲಿ ಗಾಬರಿಗಿಂತ ಸಂಭ್ರಮವೇ ಹೆಚ್ಚಿತ್ತು.

ಕಾರು ನಿಲ್ಲಿಸಿ ಹಿಂದೆಯೇ ಬಂದ ಜ್ಯೋತ್ಸ್ನಾ ನಕ್ಕಳು. "ಮರೆತಿಲ್ಲ ಸೀತಮ್ಮಾ. ಆ ಜೋಡಿ ಎಳೆ ನಿಮ್ಮ ಕೈಯಿಂದಲೇ ಆಗಲಿ ಅಂತ ಬಿಟ್ಟಿದ್ದು. ಇಲ್ಲದಿದ್ರೆ ಈ ಟ್ರಾಫಿಕ್‌ನಲ್ಲಿ ನಿಮ್ಮನ್ನ ಯಾಕೆ ಎಳ್ಕೊಂಡು ಬರ್ತಿದ್ದೆ?" ಚೀಲದಿಂದ ಬಣ್ಣದ ಡಬ್ಬಿ, ಬ್ರಷ್ ತೆಗೆದು ಮುಂದಿಟ್ಟಳು.

ಸೀತಮ್ಮನಿಗೆ ತಲೆಯೆತ್ತಲಾಗಲಿಲ್ಲ. ತಗ್ಗಿಸಿದ ತಲೆಯಲ್ಲೇ ಕುಕ್ಕರಗಾಲಲ್ಲಿ ಕೂತು ಬ್ರಷ್ ಅದ್ದಿದರು. ಪುಡಿ ಬಿಡುವ ಬೆರಳಿಗೆ ಬ್ರಷ್ಷಿನ ಕಡ್ಡಿ ಹಿಡಿತಕ್ಕೆ ಬರಲಿಲ್ಲ. ಗೆರೆ ದಳದ ಬೆನ್ನು ಹಿಡಿದು ಚೆನ್ನಾಗಿಯೇ ಹೊರಟಿತು, ತುದಿಯಲ್ಲಿ ನಡುಗಿತು, ಜಾರಿ ಪಕ್ಕದ ದಳವನ್ನು ದಾಟಿ ನಿಂತಿತು. ದಿನಾ ಮಾಡುವಂತೆ ಅಂಗೈಯಿಂದ ಒರೆಸಿದರು. ಬಿಳಿ ಇನ್ನಷ್ಟು ಹರಡಿತು.

"ಅಜ್ಜಿ, ರುಕೋ! ಪೇಂಟ್ ಅದು, ಪುಡಿ ಅಲ್ಲ!"

"ಇರಲಿ ಬಿಡೇ ತನ್ವಿ," ಎಂದಳು ಜ್ಯೋತ್ಸ್ನಾ. ಅವಳ ಕಣ್ಣು ನಿಜಕ್ಕೂ ತುಂಬಿ ಬಂದಿತ್ತು. "ಯಾರು ಬಂದು ಕೇಳಿದ್ರೂ ತೋರಿಸಿ ಹೇಳ್ತೀನಿ, ಈ ಒಂದು ಗೆರೆ ನಮ್ಮ ಸೀತಮ್ಮಂದು ಅಂತ."