ಎಂಡಿ ಕುರ್ಚಿ

"ಅಯ್ಯೋ ಮೇಡಂ, ಎಂಡಿ ಕುರ್ಚೀಲಿ ನಾನಾ? ಬೇಡಪ್ಪ!"

ಖರೀದಿ ವಿಭಾಗದಾಕೆ ಹಿಂದೆ ಸರಿದಳು. ಆಫೀಸಿಗೆಲ್ಲ ಅಕ್ಕನಾದ ಅವಳನ್ನು ಎಚ್‌ಆರ್ ಮೇಡಂ ತೋಳು ಹಿಡಿದು ಕೂರಿಸಿಯೇಬಿಟ್ಟಳು. ಕಂಪನಿಯ ಹೊಸ ವೆಬ್‌ಸೈಟಿಗೆ ಫೋಟೋ ಬೇಕಿತ್ತು: ಮೀಟಿಂಗ್ ಮೇಜಿನ ಸುತ್ತ ಹೆಂಗಸರು, ಕೆಳಗೆ 'ನಮ್ಮಲ್ಲಿ ಮಹಿಳೆಯರೇ ಮುಂದೆ' ಎಂಬ ಸಾಲು. ಸಾಲು ಬರೆದವಳೂ ಮೇಡಂ. ಮೇಲಿನ ಹುದ್ದೆಯಲ್ಲಿದ್ದ ಹೆಂಗಸು ತಾನೊಬ್ಬಳೇ ಆದ್ದರಿಂದ ಮಿಕ್ಕವರನ್ನು ಲೆಕ್ಕಪತ್ರದಿಂದ, ರಿಸೆಪ್ಷನ್ನಿನಿಂದ ಎಳೆದು ತಂದಿದ್ದಳು.

ಕುರ್ಚಿ ಎತ್ತರವಾಗಿತ್ತು. ಅಕ್ಕನ ಕಾಲು ನೆಲಕ್ಕೆ ಎಟುಕಲಿಲ್ಲ.

"ಕಾಲು ಜೋಲಾಡ್ತಿದ್ರೆ ಮ್ಯಾನೇಜರ್ ಅಂತ ಯಾರು ನಂಬ್ತಾರೆ?" ಎನ್ನುತ್ತ ಅಕ್ಕ ಸೀಟಿನಡಿಯ ಹಿಡಿಯನ್ನು ಎಳೆದಳು. ಕುರ್ಚಿ ಸುಯ್ಯೆಂದು ಇಳಿಯಿತು. ಎಲ್ಲರೂ ಬಿದ್ದು ಬಿದ್ದು ನಕ್ಕರು. ಫೋಟೋ ಆ ನಗುವಿನಲ್ಲೇ ಚೆನ್ನಾಗಿ ಬಂತು.

ಹೊರಡುವಾಗ ಅಕ್ಕ ಮೆಲ್ಲಗೆ ಕೇಳಿದಳು. "ಇವತ್ತಿನ ಮೀಟಿಂಗಲ್ಲೇ ಅಲ್ವಾ ನೀವು ನನ್ನ ಹೆಸರು ಹೇಳೋದು?"

ಖರೀದಿ ಮ್ಯಾನೇಜರ್ ನಿವೃತ್ತನಾದ ಮೇಲೆ ಅವನ ಕೆಲಸವನ್ನೆಲ್ಲ ಅಕ್ಕನೇ ಹೊತ್ತಿದ್ದಳು. ಹುದ್ದೆ ಮಾತ್ರ ಇನ್ನೂ ಖಾಲಿ ಇತ್ತು.

"ನಾನಿದೀನಲ್ಲ ಅಕ್ಕಾ. ಚಿಂತೆ ಬಿಡಿ."

"ಮನೇಲಿ ಹೇಳಿಬಿಟ್ಟಿದೀನಿ ಮೇಡಂ. ನಮ್ಮತ್ತೆ ಫೋನ್ ಹಿಡ್ಕೊಂಡೇ ಕೂತಿದಾರೆ. ನಾನಿಲ್ಲೇ ಹೊರಗಿರ್ತೀನಿ." ಗಾಜಿನ ಗೋಡೆಯಾಚೆಯ ಬೆಂಚಿನ ಮೇಲೆ ಅಕ್ಕ ಹೋಗಿ ಕೂತಳು.

ಎಂಡಿ ಮಿಕ್ಕ ಮ್ಯಾನೇಜರುಗಳೊಡನೆ ಮೀಟಿಂಗಿಗೆ ಒಳಗೆ ಬಂದ. ನಿಂತಲ್ಲೇ ಫೋಟೋ ನೋಡಿ, "ಭೇಷ್! ಇಂಥದ್ದು ಬೇಕಿತ್ತು ನೋಡಿ" ಎಂದ. ಅದೇ ಉಸಿರಿನಲ್ಲಿ, "ಅಂದ ಹಾಗೆ, ಖರೀದಿಗೆ ಸೇಲ್ಸಿನವರಲ್ಲೇ ಒಬ್ಬರನ್ನ ಹಾಕೋಣ. ಊರೂರು ಸುತ್ತೋ ಕೆಲಸ, ಪಾಪ ಹೆಂಗಸರಿಗ್ಯಾಕೆ ತೊಂದರೆ? ಏನಂತೀರಿ ಮೇಡಂ?"

ಹೋದ ವಾರವಷ್ಟೇ ಮೇಡಂ ಹೆಂಗಸರಿಗೂ ಮೇಲಿನ ಹುದ್ದೆ ಸಿಗಬೇಕೆಂದು ವೇದಿಕೆ ಹತ್ತಿ ಮಾತಾಡಿ ಚಪ್ಪಾಳೆ ಗಿಟ್ಟಿಸಿದ್ದಳು. ಆದರೆ ಈ ಕೋಣೆಗೆ ಬರಲು ಅವಳು ಬಹಳ ಸವೆದಿದ್ದಳು. ಎದುರಾಡುವವಳು ಎಂಬ ಹೆಸರು ಬಂದರೆ ಮತ್ತೆ ಯಾರೂ ಒಳಗೆ ಕರೆಯುವುದಿಲ್ಲ ಎಂಬ ದಿಗಿಲು.

"ಸರಿ ಸಾರ್," ಎಂದಳು. ಹೇಳಿದ್ದು ತಾನೇ ಎಂದು ತಿಳಿದು ಅವಳಿಗೆ ಹೇಸಿಗೆಯಾಯಿತು.

ಎಂಡಿ ಕುರ್ಚಿಯಲ್ಲಿ ಕೂತ. ಕೂತವನು ಕುಸಿದೇ ಹೋದ. ಎದೆ ಮೇಜಿನಂಚಿಗೆ ಬಂತು. "ಇದ್ಯಾರ್ರೀ ನನ್ನ ಕುರ್ಚಿ ಇಳಿಸಿದ್ದು?"

ಗಂಡಸರಲ್ಲಿ ಒಬ್ಬರೂ ಅಲುಗಲಿಲ್ಲ. ಎಲ್ಲರ ಕಣ್ಣೂ ಮೇಡಂ ಕಡೆ ತಿರುಗಿತು.

"ಒಂದ್ನಿಮಿಷ ಏಳಿ ಸಾರ್," ಎಂದು ಅವಳು ಮಂಡಿಯೂರಿ ಹಿಡಿಯನ್ನು ಎಳೆದಳು. ಸೀಟು ಮೇಲೆ ಬಂತು.

"ಸಾಕು ಸಾಕು, ಸರಿಹೋಯ್ತು," ಎಂದ ಎಂಡಿ.

ತಲೆಯೆತ್ತಿದರೆ ಗಾಜಿನಾಚೆ ಅಕ್ಕ ಎದ್ದು ನಿಂತಿದ್ದಳು. ಕೈಯಲ್ಲಿ ಫೋನು. ಹುಬ್ಬೇರಿಸಿ, 'ಆಯ್ತಾ?' ಎಂದು ನಗುತ್ತ ಕೇಳುತ್ತಿದ್ದಳು.

ಮೇಡಂ ತಲೆ ತಗ್ಗಿಸಿದಳು. ಆಗಲೇ ಸರಿಯಾಗಿದ್ದ ಕುರ್ಚಿಯ ಹಿಡಿಯನ್ನು ಮತ್ತೊಮ್ಮೆ ಎಳೆದಳು.