ಬಿಳಿ ಗಾಲಿ, ಹಳದಿ ಗಾಲಿ

“ಚಮಕ್ ನಾಹೀ!” ಲಾಬಿಯ ನೆಲಕ್ಕೆ ಬಗ್ಗಿ ಅದರಲ್ಲಿ ತಮ್ಮ ಮೀಸೆಯ ಪ್ರತಿಬಿಂಬ ಹುಡುಕಿದ ಸೊಸೈಟಿ ಸೆಕ್ರೆಟರಿ ಕೇದಾರ ಸಾಹೇಬರು, ಹೊಳಪಿಲ್ಲವೆಂದು ಮೂರನೇ ಸಲ ತಲೆಯಾಡಿಸಿದರು. ಇನ್ನೊಮ್ಮೆ ಉಜ್ಜಬೇಕಂತೆ.

ಪಾಲಿಶ್ ಮಷೀನಿನ ಮೇಲೆ ಕೈಯಿಟ್ಟು ಅಂಬಾರಾಯ ಹೆಂಡತಿಯ ಮುಖ ನೋಡಿದ. ಮತ್ತೆ ಉಜ್ಜಿದರೆ ಕತ್ತಲಾಗುತ್ತದೆ. ಸ್ವಾರಗೇಟ್ ಬಸ್ ನಿಲ್ದಾಣದಿಂದ ಊರಿನ ಬಸ್ಸು ಆರೂವರೆಗೆ. ನಾಳೆ ಅಫಜಲಪುರದಲ್ಲಿ ಬಸುರಿ ಮಗಳಿಗೆ ಸೀಮಂತದ ಕುಬಸ.

“ಹಸರ ಸೀರಿ ಚೀಲದಾಗ ಕುಂತದ,” ಎಂದಳು ಹುಲಿಗೆವ್ವ. “ನಾವ್ ಹೋಗಿ ಮುಟ್ಟೂದ್ರಾಗ ಕೂಸಽ ಹುಟ್ಟಿರ್ತದ ನೋಡ್ರಿ.”

ಅಷ್ಟರಲ್ಲಿ ಲಿಫ್ಟಿನಿಂದ ಮಿಥುನ ಹೊರಬಂದ. ನಾಲ್ಕನೇ ಮಹಡಿಯ ಬೆಂಗಳೂರು ಹುಡುಗ. ತಲೆಗೆ ಹೆಲ್ಮೆಟ್ಟು, ಕಂಕುಳಲ್ಲಿ ಸ್ಕೇಟ್‌ಬೋರ್ಡು, ಕೈಯಲ್ಲಿ ಎರಡು ಸೆಟ್ ಚಕ್ರ. “ಅಣ್ಣಾ, ಈ ನೆಲ ಉಜ್ಜಿದ್ದು ನೀವೇ ಅಲ್ವಾ? ಇಲ್ಲಿಂದ ಗೇಟ್ ತನಕ ಒಂದು ರೌಂಡ್ ಹೊಡೀಬೇಕು. ಯಾವ ವೀಲ್ ಹಾಕ್ಲಿ?”

ಅಂಬಾರಾಯ ಎರಡಕ್ಕೂ ಉಗುರು ಒತ್ತಿ ನೋಡಿದ. ಹಳದಿಯದು ಮೆತ್ತಗೆ, ನೆಲ ಕಚ್ಚಿ ಓಡುವಂಥದ್ದು. ಬಿಳಿಯದು ಗಾಜಿನ ಹಾಗೆ ಗಟ್ಟಿ. ಇಪ್ಪತ್ತು ವರ್ಷ ಕಲ್ಲು ಉಜ್ಜಿದವನಿಗೆ ಅಷ್ಟು ಸಾಕು. ಓರೆಗಣ್ಣಲ್ಲಿ ಕೇದಾರ ಸಾಹೇಬರನ್ನು ನೋಡಿದ. ಕನ್ನಡ ಬಾರದ ಅವರು ಫೋನಿನಲ್ಲಿ ಮುಳುಗಿದ್ದರು.

“ಬಿಳೀವು ಹಾಕ್ರಿ ಸರ್, ಭಾಳ ಛಲೋ ಓಡ್ತಾವ. ಆ ಕಂಬದ ಹತ್ರ ಮಾತ್ರ ಜೋರಾಗಿ ಹೊಳ್ಳಸ್ರಿ.”

“ಏನ್ರೀ, ಪಾಪ...” ಹುಲಿಗೆವ್ವ ಗಂಡನ ಅಂಗಿ ಜಗ್ಗಿದಳು.

“ಸುಮ್ನಿರು. ಹೆಲ್ಮೆಟ್ ಅದ.”

ಮಿಥುನ ಚಕ್ರ ಬಿಗಿದು, ಎರಡು ಸಲ ನೆಲ ಒದ್ದು, ಕಂಬದ ಹತ್ತಿರ ತಿರುಗಿಸಿದ. ಬೋರ್ಡು ಒಂದು ಕಡೆ ಹೋಯಿತು. ಮಿಥುನ ಕೂತ ಭಂಗಿಯಲ್ಲೇ ಜಾರುತ್ತ ಜಾರುತ್ತ ಸೀದಾ ಕೇದಾರ ಸಾಹೇಬರ ಚಪ್ಪಲಿಗೆ ಬಂದು ಮುಟ್ಟಿದ.

“ಬಾಪ್ರೇ! ಕಿತೀ ಗುಳಗುಳೀತ!” ಎಷ್ಟು ನುಣುಪು ಎನ್ನುತ್ತ ಸಾಹೇಬರು ಹಿಂದೆ ಸರಿಯಲು ಹೋಗಿ ತಾವೂ ಜಾರಿ ಕಂಬ ತಬ್ಬಿಕೊಂಡರು. ತಬ್ಬಿಕೊಂಡೇ ಕೆಲಸ ಪಾಸೆಂದು ಸಹಿ ಹಾಕಿ, ಚಾಪೆ ತರಲು ವಾಚ್‌ಮನ್‌ಗೆ ಕೂಗಿದರು.

ಮಿಥುನ ಸೊಂಟ ತಿಕ್ಕುತ್ತ ಎದ್ದ. “ನಿಜ ಹೇಳಿ ಅಣ್ಣಾ. ಹಳದಿ ಹಾಕ್ಬೇಕಿತ್ತು ಅಲ್ವಾ?”

“ಹೌದ್ರಿ. ಜಾರೂ ನೆಲಕ್ಕೂ ಅವಽ, ಹೊರಗಿನ ಒರಟು ಫರಸಿ ಕಲ್ಲಿಗೂ ಅವಽ. ಬಿಳೀವು ನಮ್ಮ ಬಸ್ಸಿಗ್ರಿ.”

ಹುಲಿಗೆವ್ವನಿಂದ ಬಸ್ಸು, ಕುಬಸದ ವಿಷಯ ತಿಳಿದು ನಕ್ಕೂ ನಕ್ಕೂ ಮಿಥುನ ಹಳದಿ ಚಕ್ರ ಹಾಕಲು ಕೂತ. ಕೊನೆಯ ನಟ್ಟು ಬಿಗಿದು ತಲೆಯೆತ್ತಿದರೆ, ಲಿಫ್ಟಿನಿಂದ ಬಾಗಿಲ ತನಕ ಬರೀ ನಾರಿನ ಚಾಪೆ.

“ಈಗ ಇದಕ್ಕೆ ಯಾವ ವೀಲ್ ಅಣ್ಣಾ?”

“ಕಾಲ್ ಒರಸ್ಕೋತ ನಡಕೋತ ಬರ್ರಿ,” ಎಂದು ಅಂಬಾರಾಯ ಚೀಲ ಹೆಗಲಿಗೇರಿಸಿದ.

ಹುಲಿಗೆವ್ವ ಮಾತ್ರ ಹಿಂದೆ ನಿಂತಳು. ಚಾಪೆಯ ಒಂದು ಮೂಲೆ ಎತ್ತಿ ನೆಲಕ್ಕೆ ಬಗ್ಗಿದಳು, ಅದರಲ್ಲಿ ಮುಖ ನೋಡಿಕೊಳ್ಳುತ್ತ ಹಣೆಯ ಕುಂಕುಮ ಸರಿಮಾಡಿಕೊಂಡಳು, ಮತ್ತೆ ಮುಚ್ಚಿದಳು.