ತೃಪ್ತಿಕರ

ಮೂವತ್ತೆಂಟು ಕಾಫಿ ಗಿಡಗಳಿದ್ದ ಜಾಗದಲ್ಲಿ ಮೂವತ್ತೆಂಟು ಗುಂಡಿಗಳಿದ್ದವು. ದಾರಿ ತಪ್ಪಿ ಬೇರೆ ಸಾಲಿಗೆ ಬಂದೆನೇನೋ ಎಂದು ಶೈಮಾ ಹಿಂದಕ್ಕೆ ಹೋಗಿ, ಮತ್ತೆ ಬಂದು, ಮತ್ತೆ ಎಣಿಸಿದಳು. ತಪ್ಪಿರಲಿಲ್ಲ. ಅವಳೇ ಕಾಂಡಕ್ಕೆ ಕಟ್ಟಿದ್ದ ಕೆಂಪು ಬಟ್ಟೆಯ ಪಟ್ಟಿಗಳು ಹಸಿ ಮಣ್ಣಿನಲ್ಲಿ ಬಿದ್ದಿದ್ದವು.

ಅಷ್ಟರಲ್ಲಿ ಮೇಸ್ತ್ರಿ ನಿಂಗಯ್ಯ ಮೇಲಿನ ದಾರಿಯಿಂದ ಇಳಿದು ಬಂದ. ಮೂಡಿಗೆರೆ ಪಕ್ಕದ ಈ ಎಸ್ಟೇಟಿಗೆ ಅವನು ಸೇರಿ ಎರಡು ತಿಂಗಳೂ ಆಗಿರಲಿಲ್ಲ. ಮುಖದಲ್ಲಿ ಕೆಲಸ ಮುಗಿಸಿದವನ ಗೆಲುವಿತ್ತು.

“ಒಂದೂ ಬಿಟ್ಟಿಲ್ಲ ಮೇಡಂ. ನೀವು ಪಟ್ಟಿ ಕಟ್ಟಿದ್ದಷ್ಟನ್ನೂ ಬೇರು ಸಮೇತ ಎತ್ತಿಸಿದೀನಿ,” ಎಂದ.

ಅವನನ್ನು ಬೈಯುವ ಹಾಗೂ ಇರಲಿಲ್ಲ. ಸೆಪ್ಟೆಂಬರ್ ಬಂತೆಂದರೆ ಎಲ್ಲ ತೋಟದಲ್ಲೂ ಬೋರರ್ ಹುಡುಕುತ್ತಾರೆ. ಕಾಂಡ ಕೊರೆಯುವ ಆ ಹುಳ ಹೊಕ್ಕ ಗಿಡಕ್ಕೆ ಗುರುತು ಕಟ್ಟುತ್ತಾರೆ, ಗುರುತು ಕಂಡ ಗಿಡವನ್ನು ಕಿತ್ತು ಸುಡುತ್ತಾರೆ. ಕೊಟ್ಟಿಗೆಹಾರದ ಗ್ಯಾರೇಜಿನವರ ಮಗಳಾದರೂ ಶೈಮಾಗೆ ಇದು ಚೆನ್ನಾಗಿ ಗೊತ್ತಿತ್ತು. ಆದರೆ ಅವಳ ಪಿಎಚ್‌.ಡಿ.ಯೇ ಉಲ್ಟಾ. ಸುತ್ತಲಿನ ಗಿಡಗಳೆಲ್ಲ ಹುಳ ಹಿಡಿದು ಒಣಗುವಾಗ ಈ ಮೂವತ್ತೆಂಟು ಮಾತ್ರ ಜಪ್ಪಯ್ಯ ಅಂದರೂ ಜಗ್ಗದೆ ನಿಂತಿದ್ದವು. ಅವಳು ಪಟ್ಟಿ ಕಟ್ಟಿದ್ದು ಅವಕ್ಕೆ. ಡಿಸೆಂಬರಿನಲ್ಲಿ ಹಣ್ಣು ಕುಯ್ದು, ಬೀಜ ತೆಗೆದು, ಸಸಿ ಎಬ್ಬಿಸಬೇಕೆಂದಿದ್ದಳು. ಹಳೆಯ ಮೇಸ್ತ್ರಿ ಬೆಳ್ಳಿಯಪ್ಪನಿಗೆ ಇದನ್ನೆಲ್ಲ ಹೇಳಿಯೂ ಇದ್ದಳು. ಅವನು ಕೆಲಸ ಬಿಟ್ಟು ಊರಿಗೆ ಹೋದ ಮೇಲೆ ಹೊಸಬನಿಗೂ ಒಂದು ಮಾತು ಹೇಳಬೇಕೆಂದು ಈ ಮಹಾರಾಯಿತಿಗೆ ಹೊಳೆದೇ ಇರಲಿಲ್ಲ.

ನಾಳೆಯೇ ಪ್ರಗತಿ ವರದಿ. ಆರು ತಿಂಗಳಿಗೊಮ್ಮೆ ವಿಶ್ವವಿದ್ಯಾಲಯದ ಸಮಿತಿಯ ಮುಂದೆ ಕೂತು ‘ತೃಪ್ತಿಕರ’ ಅನ್ನಿಸಿಕೊಂಡು ಬರಬೇಕು. ಅವಳಿಗೆ ಎರಡು ಸಲ ‘ಅತೃಪ್ತಿಕರ’ ಬಂದಿತ್ತು. ಮೂರನೆಯದೂ ಅದೇ ಆದರೆ ನೋಂದಣಿ ರದ್ದು, ಮೂರು ವರ್ಷದ ಓದು ಮಣ್ಣುಪಾಲು. ಸಮಿತಿಯದು ಒಂದೇ ತಕರಾರು: ಹೊರಗಿನಿಂದ ನೋಡಿ ಒಳಗೆ ಹುಳವಿಲ್ಲ ಎಂದರೆ ನಂಬುವುದು ಹೇಗೆ, ಐದು ಗಿಡವನ್ನಾದರೂ ಸೀಳಿ ತೋರಿಸು. ಯಾವ ಐದು ಎಂದು ಮನಸ್ಸು ಗಟ್ಟಿ ಮಾಡಲಾಗದೆ ಶೈಮಾ ಒಂದು ವರ್ಷ ಕಳೆದಿದ್ದಳು.

“ಹುಳ ಇಲ್ಲ ಅಂತಲೇ ನಾನು ಪಟ್ಟಿ ಕಟ್ಟಿದ್ದು, ಮೇಸ್ತ್ರಿಗಳೇ.” ಶೈಮಾ ಮಣ್ಣಿನಲ್ಲಿ ಬಿದ್ದಿದ್ದ ಒಂದು ಪಟ್ಟಿಯನ್ನು ಎತ್ತಿಕೊಂಡಳು.

“ಹುಳ ಇಲ್ಲದ ಗಿಡಕ್ಕೆ ಯಾರಾದ್ರೂ ಪಟ್ಟಿ ಕಟ್ತಾರಾ ಮಾರಾಯ್ರೇ,” ಎಂದು ನಿಂಗಯ್ಯ ನಕ್ಕ. ಅವಳ ಕಣ್ಣು ತುಂಬಿದ್ದು ಕಂಡು ಮೆತ್ತಗಾದ. “ನಾಚ್ಕೊಳ್ಳೋದೇನಿಲ್ಲ. ನಂಗೂ ಅನುಮಾನ ಇತ್ತು, ಹುಳ ಕೊರೆದ್ರೆ ಕಾಂಡದ ಮೇಲೆ ಏಣು ಏಳುತ್ತೆ, ಇವಕ್ಕೆ ಎಲ್ಲೂ ಎದ್ದಿರ್ಲಿಲ್ಲ. ಓದಿದೋರು, ನಮಗೆ ಕಾಣದ್ದು ನಿಮಗೆ ಕಂಡಿರುತ್ತೆ ಅಂತ ಕೀಳಿಸ್ದೆ. ಆಮೇಲೆ ಒಂದೊಂದೂ ಸೀಳಿ ನೋಡಿದ್ರೆ, ಹುಳ ಹಂಗಿರ್ಲಿ, ಒಂದು ತೂತೂ ಇಲ್ಲ. ತಪ್ಪು ಯಾರಿಗಾದ್ರೂ ಆಗುತ್ತೆ. ಯಜಮಾನ್ರ ಹತ್ರ ನಿಮ್ಮ ಹೆಸರು ಎತ್ತಲ್ಲ ಬಿಡಿ.”

“ಸೀಳಿದ್ರಾ? ಎಲ್ಲಾನೂ?”

ಶೆಡ್ಡಿನ ಹಿಂದೆ ರಾಶಿ ಹಾಕಿದ್ದರು, ಮಧ್ಯಾಹ್ನ ಬೆಂಕಿ ಕೊಡಲು. ಶೈಮಾ ನೆಲದ ಮೇಲೇ ಕೂತು ಒಂದೊಂದು ಹೋಳನ್ನೂ ಎತ್ತಿ ನೋಡಿದಳು. ಎಪ್ಪತ್ತಾರು ಹೋಳು. ಒಳಗೆ ಮರ ತಿಳಿ ಬಣ್ಣದ್ದಾಗಿ, ನುಣ್ಣಗೆ, ಎಲ್ಲಿಯೂ ಒಂದು ಕಲೆಯಿಲ್ಲದೆ ಇತ್ತು. ಅವಳು ಹೇಳಿದ್ದೆಲ್ಲ ನಿಜವಾಗಿತ್ತು. ಸಂಕಟವಾಯಿತು, ಅದೇ ಹೊತ್ತಿಗೆ ಖುಷಿಯೂ ಆಯಿತು. ಇಂಥದರಲ್ಲೂ ಖುಷಿಯಾಗುತ್ತಿದೆಯಲ್ಲ ಎಂದು ತನ್ನ ಮೇಲೇ ಸಿಟ್ಟು ಬಂತು. ಯಾವುದಕ್ಕೆ ಅಳುತ್ತಿದ್ದೇನೆಂದು ಅವಳಿಗೇ ಗೊತ್ತಾಗಲಿಲ್ಲ. ಕೈ ಒರೆಸಿಕೊಂಡು ಎಲ್ಲದರ ಫೋಟೊ ತೆಗೆದು ಗೈಡ್ ಜಯದೇವಪ್ಪನವರಿಗೆ ಕಳಿಸಿದಳು. ಎರಡೇ ನಿಮಿಷದಲ್ಲಿ ಅವರ ಫೋನ್ ಬಂತು.

“ಏನಮ್ಮ ಇದು, ಮೂವತ್ತೆಂಟಕ್ಕೆ ಮೂವತ್ತೆಂಟೂ ಕ್ಲೀನಾ?”

“ಹೌದು ಸರ್.”

“ಸಮಿತಿಯವರ ಬಾಯಿ ಮುಚ್ಚಿಸಿದ ಹಾಗಾಯ್ತು ಬಿಡು. ಗಿಡಗಳು ಹೇಗಿವೆ?”

“ಇವೇ ಸರ್ ಗಿಡಗಳು.”

“ಅಯ್ಯೋ ದೇವರೇ,” ಎಂದರು ಜಯದೇವಪ್ಪ.

“ನಾನು ಪಾಸಾ ಸರ್, ಫೇಲಾ?”

“ನಂಗೂ ತಲೆಬುಡ ಗೊತ್ತಾಗ್ತಿಲ್ಲಮ್ಮ. ಸಮಿತಿಯವರು ತೃಪ್ತಿಕರ ಅನ್ನಲೇಬೇಕು, ಹಾಗೇ ಬರೀತೀನಿ. ಅದರ ಕೆಳಗೆ, ಮುಂದಿನ ಆರು ತಿಂಗಳು ಏನು ಕೆಲಸ ಅಂತ ಒಂದು ಕಾಲಂ ಇದೆ. ಅಲ್ಲಿ ಏನು ಬರೀಲಿ, ನೀನೇ ಹೇಳು.”

ಶೈಮಾ ಫೋನು ಕಿವಿಗಿಟ್ಟುಕೊಂಡೇ ಕೂತಳು. ದೂರ ನಿಂತಿದ್ದ ನಿಂಗಯ್ಯನಿಗೆ ಅವಳ ಮುಖ ನೋಡಿ ಕರುಳು ಚುರ್ ಅಂದಿರಬೇಕು. ಹತ್ತಿರ ಬಂದು, ಫೋನಿನಲ್ಲಿದ್ದವರಿಗೆ ಕೇಳಿಸಬಾರದೆಂದು ದನಿ ತಗ್ಗಿಸಿದ.

“ಬೇಜಾರ್ ಮಾಡ್ಕೋಬೇಡಿ ಮೇಡಂ. ಹುಳ ಇರೋ ಗಿಡ ಎಷ್ಟು ಬೇಕು ಹೇಳಿ, ನಾನು ತೋರಿಸ್ತೀನಿ. ಈ ತೋಟದಲ್ಲಿ ಇನ್ನು ಉಳಿದಿರೋದೆಲ್ಲಾ ಅವೇ.”